ಅದೇ ಮೈಕ್‌ನಲ್ಲಿ ಹೇಳಬೇಕು

ಕ್ಷಮಿಸಿಬಿಡುವುದು ದೊಡ್ಡ ಗುಣ ಎಂದು ಶಾಲೆಯಲ್ಲಿ ಕಲಿಸಿರಬೇಕು. ಆ ಪಿರಿಯಡ್ ತಪ್ಪಿಸಿ ನಾನು ಆಡಲು ಹೋಗಿದ್ದೆನೋ ಏನೋ, ನನಗಂತೂ ಆ ಗುಣ ಬರಲಿಲ್ಲ. ಹನ್ನೆರಡು ವರ್ಷ ಸಂಬಳಕ್ಕೆ ಫುಟ್‌ಬಾಲ್ ಆಡಿದವನು ನಾನು. ಬೇಕೆಂದೇ ನನ್ನ ಕಾಲು ತುಳಿದವರ ಜೆರ್ಸಿ ನಂಬರು ಇವತ್ತಿಗೂ ಬಾಯಿಪಾಠ ಇದೆ. ಅವರಲ್ಲಿ ಹೆಚ್ಚಿನವರಿಗೆ ಅದೇ ಪಂದ್ಯದಲ್ಲಿ, ರೆಫರಿ ಆಚೆ ತಿರುಗಿದಾಗ, ಕೊಡಬೇಕಾದ್ದನ್ನು ಕೊಟ್ಟಿದ್ದೇನೆ. ಒಬ್ಬನಿಗೆ ಮಾತ್ರ ಕೊಡಲು ಆಗಿರಲಿಲ್ಲ. ಅವನು ಆಟಗಾರನೇ ಅಲ್ಲ. ಮೈಕ್ ಹಿಡಿದು ಕುರ್ಚಿಯಲ್ಲಿ ಕೂತಿದ್ದ ಮನುಷ್ಯ.

ನಮ್ಮ ಕಡೆ ಭತ್ತ ಕೊಯ್ದ ಗದ್ದೆಯೇ ಮೈದಾನ. ಕೊಯ್ಲು ಮುಗಿದ ಮೇಲೆ ಮಳೆ ಹಿಡಿಯುವವರೆಗೆ, ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಇತ್ತ ಮೂಡುಬಿದಿರೆಯವರೆಗೆ, ಒಂದಲ್ಲ ಒಂದು ಗದ್ದೆಯಲ್ಲಿ ಭಾನುವಾರ ಏಳೇಳು ಜನರ ಪಂದ್ಯಾಟ ಇದ್ದೇ ಇರುತ್ತದೆ. ಸುತ್ತ ಹಗ್ಗ, ಒಂದು ಬದಿಯಲ್ಲಿ ಶಾಮಿಯಾನದ ವೇದಿಕೆ, ಇನ್ನೊಂದು ಬದಿಯಲ್ಲಿ ಆಮ್ಲೆಟ್ ಮತ್ತು ಚರುಮುರಿ ಗಾಡಿ. ರೆಫರಿ ತಡವಾಗಿ ಬಂದರೆ ಜನ ಕಾಯುತ್ತಾರೆ. ವೀಕ್ಷಕ ವಿವರಣೆ ಕೊಡುವವನು ತಡವಾದರೆ ಮಾತ್ರ ಗದ್ದೆ ತಣ್ಣಗಾಗುತ್ತದೆ. ಅರ್ಧ ಜನ ಬರುವುದೇ ಅವನ ಮಾತು ಕೇಳಲು. ಗೋಲು ಹೊಡೆದವನನ್ನು ಅವನು ಆಕಾಶಕ್ಕೇರಿಸುತ್ತಾನೆ, ಗೋಲು ತಪ್ಪಿಸಿದವನ ಮಾನವನ್ನು ಮೂರು ಗದ್ದೆ ಆಚೆಗೂ ಕೇಳುವಂತೆ ಹರಾಜು ಹಾಕುತ್ತಾನೆ. ಅದಕ್ಕೆ ಯಾರೂ ಸಿಟ್ಟಾಗಬಾರದು ಎಂಬುದು ಇಲ್ಲಿನ ಅಲಿಖಿತ ನಿಯಮ. ತಮಾಷೆ ಅಲ್ವಾ ಮಾರಾಯ ಅಂದರೆ ಎಲ್ಲ ಮುಗಿಯಿತು.

ಆಗ ನನಗೆ ಹದಿನೆಂಟು. ವಾಮದಪದವಿನ ಹತ್ತಿರದ ಒಂದು ಗದ್ದೆಯಲ್ಲಿ ಫೈನಲ್. ಅಪ್ಪ ಬಂದಿದ್ದರು. ಅವರು ವೇಣೂರು–ಮೂಡುಬಿದಿರೆ ಬಸ್ಸಿನಲ್ಲಿ ಕಂಡಕ್ಟರ್. ಬೆಳಗ್ಗಿನ ಟ್ರಿಪ್ ಮುಗಿಸಿ, ಬ್ಯಾಗನ್ನು ಇನ್ನೊಬ್ಬರಿಗೆ ಒಪ್ಪಿಸಿ, ಖಾಕಿ ಅಂಗಿಯಲ್ಲೇ ಓಡಿ ಬಂದು ಹಗ್ಗದ ಹತ್ತಿರ ನಿಂತಿದ್ದರು. ನನ್ನ ಆಟವೆಂದರೆ ಅವರಿಗೆ ಜೀವ. ಬಸ್ಸಿನಲ್ಲಿ ಹತ್ತಿದವರಿಗೆಲ್ಲ ಟಿಕೆಟ್ ಜೊತೆಗೆ ನನ್ನ ಗೋಲಿನ ವಿವರವನ್ನೂ ಹರಿದು ಕೊಡುತ್ತಿದ್ದರು.

ಕೊನೆಯ ನಿಮಿಷದಲ್ಲಿ ನಮಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ನಾನು ಹೋದೆ. ಊರಿದ ಎಡಗಾಲು ಭತ್ತದ ಹಸಿ ಕೂಳೆಯ ಮೇಲೆ ಜಾರಿತು, ಚೆಂಡು ಕಂಬದಿಂದ ಒಂದು ಮಾರು ದೂರ ಹೋಯಿತು. ಇಷ್ಟೇ ಆದದ್ದು. ಗದ್ದೆಯಲ್ಲಿ ಆಡಿದವರಿಗೆ ಇದು ಗೊತ್ತಿರುತ್ತದೆ. ಮೈಕ್ ಹಿಡಿದವನಿಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವನ ಕಣ್ಣಿಗೆ ಹಗ್ಗದ ಹತ್ತಿರದ ಖಾಕಿ ಅಂಗಿ ಬಿತ್ತು.

"ಪ್ರಿಯ ಫುಟ್‌ಬಾಲ್ ಅಭಿಮಾನಿಗಳೇ, ಇವ ಕಾಲಲ್ಲಿ ಹೊಡೆದದ್ದಲ್ಲ, ಕಿಸೆಯಲ್ಲಿ ಹೊಡೆದದ್ದು. ಆಚೆಯವರು ಕಿಸೆ ತುಂಬಿಸಿದ್ದಾರೆ. ಕಂಡಕ್ಟರ್‌ನ ಮಗ ಅಲ್ವಾ. ಟಿಕೆಟ್ ಕೊಡದೆ ಒಳಗೆ ಹಾಕುವ ವಿದ್ಯೆ ಮನೆಯಲ್ಲೇ ಉಂಟು."

ಗದ್ದೆಗೆ ಗದ್ದೆಯೇ ನಕ್ಕಿತು. ನಮ್ಮ ಟೀಮಿನವರೂ ನಕ್ಕರು. ನಾನು ಅಪ್ಪನ ಕಡೆ ನೋಡಿದೆ. ಅವರೂ ನಗಲು ಪ್ರಯತ್ನಿಸುತ್ತಿದ್ದರು. ಆ ಮುಖ ನಾನು ಸಾಯುವವರೆಗೆ ಮರೆಯುವಂಥದ್ದಲ್ಲ. ಸುತ್ತ ನಿಂತವರಲ್ಲಿ ಯಾರೋ ಅವರ ಅಂಗಿಯ ಕಿಸೆಯನ್ನು ಹೊರಗಿನಿಂದ ತಟ್ಟಿ ನೋಡಿದರು. ಅಪ್ಪ ಸುಮ್ಮನೆ ಹಿಂದೆ ಸರಿದು ರಸ್ತೆಯ ಕಡೆಗೆ ನಡೆದರು.

ಕಂಡಕ್ಟರನನ್ನು ಜನ ಹೇಗೂ ಅರ್ಧ ಕಳ್ಳ ಎಂದೇ ನೋಡುತ್ತಾರೆ. ಮೈಕ್‌ನಲ್ಲಿ ಹೇಳಿದ ಮೇಲೆ ಪೂರ್ತಿಯಾಯಿತು. ಮಾರನೆಯ ದಿನದಿಂದಲೇ ಬಸ್ಸಿನಲ್ಲಿ ಶುರು. ಟಿಕೆಟ್ ಹರಿಯುವುದು ಒಂದು ಕ್ಷಣ ತಡವಾದರೆ, "ಕಿಸೆಗೆ ಹೋಯ್ತಾ?" ಶಾಲೆಯ ಮಕ್ಕಳೂ ಹೇಳುತ್ತಿದ್ದರು. ಬಸ್ಸಿನ ಧಣಿಗಳು ಒಳ್ಳೆಯವರು, ಅವರೂ ಒಮ್ಮೆ ನಗುತ್ತಲೇ ಬ್ಯಾಗ್ ಬಿಚ್ಚಿ ತೋರಿಸಲು ಹೇಳಿದರಂತೆ. ಅಪ್ಪ ತೋರಿಸಿದರು. ವರ್ಷ ತುಂಬುವ ಮೊದಲೇ ಬಸ್ಸಿನ ಕೆಲಸ ಬಿಟ್ಟು ಅಕ್ಕಿ ಮಿಲ್ಲಿಗೆ ಸೇರಿದರು. ಸೊಂಟ ನೋವು, ನಿಂತು ನಿಂತು ಸಾಕಾಯ್ತು ಎಂದು ಮನೆಯಲ್ಲಿ ಹೇಳಿದರು. ಮಿಲ್ಲಿನಲ್ಲಿ ಮೂಟೆ ಹೊರುವ ಸೊಂಟಕ್ಕೆ ಬಸ್ಸಿನಲ್ಲಿ ನಿಲ್ಲುವುದು ಹೇಗೆ ಕಷ್ಟವಾಯಿತು ಎಂದು ಯಾರೂ ಕೇಳಲಿಲ್ಲ. ಅವತ್ತಿನಿಂದ ಅವರು ನನ್ನ ಒಂದು ಆಟವನ್ನೂ ನೋಡಲಿಲ್ಲ.

ನನಗೂ 'ಕಿಸೆ' ಎಂಬ ಅಡ್ಡಹೆಸರು ಅಂಟಿತು. ಬೆಂಗಳೂರಿನ ಒಂದು ಕಂಪನಿ ಟೀಮಿಗೆ ಸೇರಿದಾಗ ಪೀಡೆ ತೊಲಗಿತು ಅಂದುಕೊಂಡೆ. ಅಲ್ಲಿ ಐದು ವರ್ಷ ಆಡಿ ಗೋವಾಕ್ಕೆ ಹೋದೆ. ಮೊದಲ ಸೀಸನ್ನಿನಲ್ಲೇ ಒಂದು ಪಂದ್ಯದಲ್ಲಿ ಕಾರ್ನರ್ ಹೊಡೆಯಲು ನಿಂತಿದ್ದೇನೆ, ಹಿಂದಿನ ಗ್ಯಾಲರಿಯಿಂದ ಒಬ್ಬ ಬೇಕರಿ ಕೆಲಸದ ಬಂಟ್ವಾಳದವನು ಪ್ರೀತಿಯಿಂದಲೇ ಕೂಗಿದ, "ಓ ಕಿಸೆ, ಒಂದು ಗೋಲು ಹಾಕು ಮಾರಾಯ." ಅವನಿಗೆ ಅದು ಊರಿನ ನೆನಪು. ಪಕ್ಕದಲ್ಲಿದ್ದ ಗೋವಾದ ಆಟಗಾರ ಅದರ ಅರ್ಥ ಕೇಳಿದ. ನಮ್ಮ ಭಾಷೆಯಲ್ಲಿ ವೇಗದ ಓಟಗಾರ ಎಂದರ್ಥ ಅಂದೆ. ಆ ರಾತ್ರಿಯಿಂದ ಗೋವಾದವರೂ ಹಾಗೆಯೇ ಕರೆಯತೊಡಗಿದರು. ನನ್ನ ಸುಳ್ಳಿಗೆ ಸಿಕ್ಕ ಬಹುಮಾನ.

ದೊಡ್ಡ ಆಟಗಾರನೇನೂ ಆಗಲಿಲ್ಲ ನಾನು. ಆದರೆ ಟೀವಿಯಲ್ಲಿ ಬರುವಷ್ಟು ಆಡಿದೆ. ಪಂದ್ಯ ಇದ್ದ ದಿನ ಅಮ್ಮ ಟೀವಿ ಮುಂದೆ ಕೂತರೆ ಅಪ್ಪ ಹಿತ್ತಲಿಗೆ ಹೋಗಿ ತೆಂಗಿನ ಬುಡ ಬಿಡಿಸುತ್ತಿದ್ದರಂತೆ. ಗೋಲಾಯಿತು ಎಂದು ಅಮ್ಮ ಕೂಗಿದರೆ "ಹ್ಞಾಂ" ಎನ್ನುತ್ತಿದ್ದರಂತೆ, ಅಷ್ಟೇ. ಅಮ್ಮ ಫೋನಿನಲ್ಲಿ ಇದನ್ನು ಹೇಳಿದಾಗಲೆಲ್ಲ ನನಗೆ ಕಾಣುತ್ತಿದ್ದದ್ದು ಶಾಮಿಯಾನದ ಕೆಳಗೆ ಕಾಲ ಮೇಲೆ ಕಾಲು ಹಾಕಿಕೊಂಡಿದ್ದ ಆ ಮನುಷ್ಯ. ಅವನನ್ನು ಒಂದು ದಿನ ಅಪ್ಪನ ಎದುರು ತಂದು ನಿಲ್ಲಿಸದಿದ್ದರೆ ನಾನು ಮನುಷ್ಯನೇ ಅಲ್ಲ ಎಂದು ಹಲ್ಲು ಕಚ್ಚಿ ಹೇಳಿಕೊಳ್ಳುತ್ತಿದ್ದೆ.

ಮೂವತ್ತು ದಾಟಿದಾಗ ಮಂಡಿಯ ಲಿಗಮೆಂಟ್ ಹರಿಯಿತು. ಆಪರೇಷನ್ ಆಯಿತು, ಕಾಲು ಮೊದಲಿನಂತೆ ಆಗಲಿಲ್ಲ. ಕೋಚಿಂಗ್ ಲೈಸೆನ್ಸ್ ಮಾಡಿಕೊಂಡು ಊರಿಗೆ ಬಂದೆ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕೋಚ್ ಕೆಲಸ ಸಿಕ್ಕಿತು. ಅಲ್ಲಿನ ಹುಡುಗರನ್ನೂ ಹೊರಗಿನ ಕೆಲವರನ್ನೂ ಸೇರಿಸಿ ಒಂದು ಟೀಮ್ ಕಟ್ಟಿದೆ. ಬೆಳಗ್ಗೆ ಐದೂವರೆಗೆ ಮೈದಾನದಲ್ಲಿ ಇಲ್ಲದವನು ಮನೆಯಲ್ಲೇ ಇರಲಿ ಎನ್ನುವ ಕೋಚ್ ನಾನು. ಬೈಯುತ್ತೇನೆ, ಚೆನ್ನಾಗಿಯೇ ಬೈಯುತ್ತೇನೆ, ಆದರೆ ಯಾರ ಅಪ್ಪನನ್ನೂ ನಡುವೆ ತರುವುದಿಲ್ಲ. ಎರಡು ವರ್ಷದಲ್ಲಿ ನಮ್ಮನ್ನು ಸೋಲಿಸುವ ಟೀಮ್ ಮೂರು ತಾಲೂಕಿನಲ್ಲಿ ಇಲ್ಲದಾಯಿತು. ನಾವು ಬರುತ್ತೇವೆ ಎಂದು ಪೋಸ್ಟರಿನಲ್ಲಿ ಹಾಕಿದರೆ ಗದ್ದೆ ತುಂಬುತ್ತಿತ್ತು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಸಂಘಟಕರು ಫೋನ್ ಮಾಡಿದಾಗ ಬಹುಮಾನ ಎಷ್ಟು ಎಂದು ನಾನು ಕೇಳುತ್ತಿರಲಿಲ್ಲ.

"ಮೈಕ್‌ನಲ್ಲಿ ಯಾರು?"

"ಮತ್ತೆ ಯಾರು ಸರ್, ಅವರೇ. ಅವರಿಲ್ಲದೆ ಆಗ್ತದಾ?"

"ಅವರಿದ್ದರೆ ನಾವು ಬರುವುದಿಲ್ಲ."

ಕಾರಣ ಹೇಳುತ್ತಿರಲಿಲ್ಲ. ಮೊದಲು ನಕ್ಕರು. ಎರಡು ಪಂದ್ಯಾಟಕ್ಕೆ ನಾವು ನಿಜವಾಗಿಯೂ ಹೋಗದೆ ಅರ್ಧ ಗದ್ದೆ ಖಾಲಿ ಬಿದ್ದಾಗ ನಗು ನಿಂತಿತು. ಒಬ್ಬೊಬ್ಬರಾಗಿ ಅವನನ್ನು ಬಿಟ್ಟರು. ವೇಣೂರಿನವರು ಬಿಟ್ಟರು, ಬಂಟ್ವಾಳದವರು ಬಿಟ್ಟರು. ಬೆಳ್ತಂಗಡಿ ಕಡೆ ಅವನದೇ ಮೈಕ್ ಸೆಟ್ ಮತ್ತು ಶಾಮಿಯಾನದ ಅಂಗಡಿ. ಅಲ್ಲಿಯವರು ಸಾಮಾನು ಅವನದ್ದನ್ನೇ ಬಾಡಿಗೆಗೆ ತರುತ್ತಿದ್ದರು, ಬಾಯಿ ಮಾತ್ರ ಬೇರೆಯವರದ್ದು. ಒಂದು ಭಾನುವಾರ ಅವನು ಹಗ್ಗದ ಹೊರಗೆ ಚರುಮುರಿ ಪೊಟ್ಟಣ ಹಿಡಿದು ಎಲ್ಲರ ಹಾಗೆ ನಿಂತು ಆಟ ನೋಡುವುದನ್ನು ಕಂಡೆ. ಮೈಕ್‌ನಲ್ಲಿ ಯಾರೋ ಎಳೆಯ ಹುಡುಗ ತಡವರಿಸುತ್ತಿದ್ದ. ಇವನ ತುಟಿ ತನ್ನಷ್ಟಕ್ಕೇ ಅಲ್ಲಾಡುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆ ತುಂಬಾ ಖುಷಿಯಾಯಿತು. ಆ ದಿನ ಟೀಮಿಗೆಲ್ಲ ಐಸ್‌ಕ್ರೀಂ ಕೊಡಿಸಿದೆ.

ಹೀಗೆ ಎರಡು ಸೀಸನ್ ಕಳೆಯಿತು. ಒಂದು ಬೆಳಗ್ಗೆ ಹುಡುಗರು ಓಡುತ್ತಿದ್ದಾಗ ಅವನು ಮೂಡುಬಿದಿರೆಯ ಮೈದಾನಕ್ಕೇ ಬಂದ. ಅರವತ್ತು ದಾಟಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಸ್ವರ ಮಾತ್ರ ಹಾಗೆಯೇ ಇತ್ತು. ಗೋಲ್‌ಪೋಸ್ಟ್ ಹತ್ತಿರ ನಿಂತು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಅದು ಮೈದಾನಕ್ಕೆ ಕೊಟ್ಟ ಮರ್ಯಾದೆಯೋ ನನಗೆ ಕೊಟ್ಟದ್ದೋ ತಿಳಿಯಲಿಲ್ಲ.

"ಸರ್, ನಿಮಗೆ ನನ್ನ ಮೇಲೆ ಎಂತ ಸಿಟ್ಟು? ಯಾರೂ ಹೇಳುವುದಿಲ್ಲ. ನೀವೇ ಹೇಳಿ."

"ವಾಮದಪದವು ನೆನಪುಂಟಾ?"

"ಅಲ್ಲಿ ತುಂಬ ಮಾಡಿದ್ದೇನೆ ಸರ್. ಯಾವುದು?"

ಹೇಳಿದೆ. ಪೆನಾಲ್ಟಿ, ಕೂಳೆ, ಖಾಕಿ ಅಂಗಿ, ಅವನು ಆಡಿದ ಮಾತು, ಒಂದಕ್ಷರ ಬಿಡದೆ. ಇಪ್ಪತ್ತು ವರ್ಷ ಈ ಮಾತನ್ನು ಅವನ ಮುಖದ ಎದುರು ಹೇಳುವ ದಿನಕ್ಕೆ ಕಾದಿದ್ದೆ. ಅವನು ಕಣ್ಣು ಮುಚ್ಚಿ ಯೋಚಿಸಿದ. ತಲೆ ಕೆರೆದ. ನಾಟಕ ಮಾಡುತ್ತಿದ್ದಾನೆಯೇ ಎಂದು ಹತ್ತಿರ ಹೋಗಿ ನೋಡಿದೆ. ಇಲ್ಲ, ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ.

"ಹೇಳಿರಬಹುದು ಸರ್. ಒಂದು ದಿನಕ್ಕೆ ನೂರು ಜನರಿಗೆ ನೂರು ಹೇಳ್ತೇವೆ. ಸಂಜೆಗೆ ನಮಗೇ ನೆನಪಿರುವುದಿಲ್ಲ."

ಅವನು ನೆನಪಿಟ್ಟುಕೊಂಡು ಸೊಕ್ಕಿನಿಂದ ಮಾತಾಡಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ನಮ್ಮ ಅಪ್ಪ ಒಂದು ಕೆಲಸ ಬಿಟ್ಟರು, ನಾನು ಒಂದು ಆಯುಷ್ಯದ ಅರ್ಧ ಕುದಿದೆ, ಈ ಮನುಷ್ಯನಿಗೆ ಅದು ಸಂಜೆಗೆ ಮರೆತುಹೋಗುವ ಸಂಗತಿ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹುಡುಗರು ಓಟ ನಿಲ್ಲಿಸಿ ನೋಡುತ್ತಿದ್ದರು, ಅದಕ್ಕೇ ಕೈ ಕಟ್ಟಿಕೊಂಡೆ.

"ಈಗ ಎಂತ ಮಾಡ್ಬೇಕು ಹೇಳಿ. ಮನೆಗೆ ಬಂದು ನಿಮ್ಮ ತಂದೆಯವರ ಕಾಲು ಹಿಡಿಯುತ್ತೇನೆ."

"ಮನೆಗೆ ಬರುವುದು ಬೇಡ. ಮನೆಯಲ್ಲಿ ಹೇಳಿದ್ದಲ್ಲ ಅದು. ಮೈಕ್‌ನಲ್ಲಿ ಹೇಳಿದ್ದು, ಮೈಕ್‌ನಲ್ಲೇ ವಾಪಸು ತೆಗೆದುಕೊಳ್ಳಬೇಕು. ನಮ್ಮ ಅಪ್ಪ ಎದುರಿಗೆ ಕೂತಿರುತ್ತಾರೆ. ಜನ ಎಲ್ಲ ಇರಬೇಕು."

ಅವನ ಮುಖ ಅರಳಿತು. "ಅಷ್ಟೇ ಅಲ್ವಾ. ಹೇಳ್ತೇನೆ ಮಾರಾಯ್ರೆ, ಚಂದ ಮಾಡಿ ಹೇಳ್ತೇನೆ."

"ಚಂದ ಬೇಡ. ತಪ್ಪಾಯ್ತು ಎಂದರೆ ಸಾಕು."

ಅವನು ಆಯ್ತು ಎಂದು ಕೈ ಮುಗಿದು ಹೋದ. ಗೆದ್ದೆ ಎಂದುಕೊಂಡೆ.

ವಾಮದಪದವಿನ ಆ ಗದ್ದೆಯಲ್ಲಿ ಈಗ ಮದುವೆ ಹಾಲ್ ಎದ್ದಿದೆ. ಅಳದಂಗಡಿಯ ಪಂದ್ಯಾಟ ಹತ್ತಿರ ಬಂದಿತ್ತು. ಅಲ್ಲಿನ ಸಂಘಟಕರಿಗೆ ಫೋನ್ ಮಾಡಿ, ಅವರನ್ನೇ ಕರೆಯಿರಿ, ನಾವು ಬರುತ್ತೇವೆ, ಫೈನಲ್‌ಗೆ ಮೊದಲು ಅವರಿಗೆ ಒಂದು ಮಾತು ಹೇಳಲಿಕ್ಕುಂಟು, ಐದು ನಿಮಿಷ ಬಿಟ್ಟುಕೊಡಿ ಎಂದೆ. ಅವರು ಕುಣಿದಾಡಿದರು. ಅಪ್ಪನನ್ನು ಒಪ್ಪಿಸುವುದು ಕಷ್ಟವಾಯಿತು.

"ನಾನು ಬಂದು ಎಂತ ಮಾಡ್ಲಿಕ್ಕುಂಟು? ನೀನು ಈಗ ಆಡುವುದೂ ಇಲ್ಲ."

"ಟೀಮ್ ಆಡ್ತದಲ್ಲ. ಒಂದು ಸಲ ಬನ್ನಿ. ಮತ್ತೆ ಕೇಳುವುದಿಲ್ಲ."

ಅಮ್ಮನೂ ಒತ್ತಾಯಿಸಿದರು. ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೂದಲಿಗೆ ಎಣ್ಣೆ ಹಚ್ಚಿ, ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಮೈಕ್‌ನ ವಿಷಯ ನಾನು ಹೇಳಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ ಎಂದು ಗೊತ್ತಿತ್ತು. ಸೆಮಿಫೈನಲ್‌ನಲ್ಲಿ ನಮ್ಮ ಹುಡುಗರು ಮೂರು ಗೋಲು ಹೊಡೆದರು. ಮೂರನೆಯದಕ್ಕೆ ಅಪ್ಪ ಕುರ್ಚಿಯಿಂದ ಅರ್ಧ ಎದ್ದು, ಯಾರಾದರೂ ನೋಡಿದರೋ ಎಂದು ಆಚೀಚೆ ಕಣ್ಣಾಡಿಸಿ, ಮತ್ತೆ ಕೂತರು. ಅಲ್ಲಿಗೇ ಅವರನ್ನು ಕರೆದುಕೊಂಡು ಮನೆಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ಫೈನಲ್‌ಗೆ ಮೊದಲು ಅಪ್ಪನನ್ನು ವೇದಿಕೆಯ ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದೆಸಿದರು. ಅವನು ಮೈಕ್ ಹಿಡಿದು ಎದ್ದು ನಿಂತ. ಎರಡು ವರ್ಷ ಬಾಯಿ ಕಟ್ಟಿಕೊಂಡಿದ್ದವನು. ಜನ ಸಿಳ್ಳೆ ಹಾಕಿ ಸ್ವಾಗತಿಸಿದರು. ಯೂಟ್ಯೂಬ್ ಲೈವ್‌ನವನು ಕ್ಯಾಮೆರಾ ಅವನ ಕಡೆ ತಿರುಗಿಸಿದ.

"ಪ್ರಿಯ ಫುಟ್‌ಬಾಲ್ ಅಭಿಮಾನಿಗಳೇ, ಇವತ್ತು ನಾನು ಒಂದು ತಪ್ಪು ಒಪ್ಪಿಕೊಳ್ಳಲಿಕ್ಕುಂಟು."

ಆಮ್ಲೆಟ್ ಗಾಡಿಯವರೂ ಇತ್ತ ತಿರುಗಿದರು. ನಾನು ಅಪ್ಪನ ಹಿಂದೆ ನಿಂತಿದ್ದೆ, ಅವರ ಬೆನ್ನು ನೆಟ್ಟಗಾದದ್ದು ಕಂಡಿತು. ತಪ್ಪಾಯ್ತು ಎಂದು ಹೇಳಿ ಅವನು ಅಲ್ಲೇ ಕೂತಿದ್ದರೆ ಮುಗಿದಿತ್ತು. ಆದರೆ ಜೀವಮಾನವಿಡೀ ಗದ್ದೆಯನ್ನು ನಗಿಸಿದವನ ಕೈಗೆ ಮೈಕ್ ಕೊಟ್ಟು, ನೀರಸವಾಗಿ ಮಾತಾಡು ಎಂದು ಹೇಳಿದ್ದೆ ನಾನು. ಏನು ತಪ್ಪು ಎಂದು ಜನರಿಗೆ ಗೊತ್ತಾಗಬೇಡವೇ? ಅವನು ಶುರುವಿನಿಂದ ಶುರು ಮಾಡಿದ. ವಾಮದಪದವಿನ ಗದ್ದೆ ಬಂತು. ಪೆನಾಲ್ಟಿ ಬಂತು. ಕಾಲು ಜಾರಿದ್ದನ್ನು ವೇದಿಕೆಯ ಮೇಲೆ ಜಾರಿ ತೋರಿಸಿದ. ಖಾಕಿ ಅಂಗಿ ಬಂತು. ಅವನಿಗೇ ನೆನಪಿಲ್ಲದ ಮಾತನ್ನು ಒಂದಕ್ಷರ ಬಿಡದೆ ಕಲಿಸಿಕೊಟ್ಟವನು ನಾನೇ. ಅವನು ತನ್ನ ಹಳೆಯ ಸ್ವರದಲ್ಲಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಎಳೆಯಬೇಕಾದಲ್ಲಿ ಎಳೆದು ಅದನ್ನು ಹೇಳಿದ. "ಟಿಕೆಟ್ ಕೊಡದೆ ಒಳಗೆ ಹಾಕುವ ವಿದ್ಯೆ ಮನೆಯಲ್ಲೇ ಉಂಟು."

ಹಗ್ಗದ ಹತ್ತಿರದ ಹುಡುಗರು ಮೊದಲು ನಕ್ಕರು. ಆಮೇಲೆ ಆಮ್ಲೆಟ್ ಗಾಡಿಯವರು. ಆಮೇಲೆ ವೇದಿಕೆಯ ಮೇಲಿದ್ದವರು ಕೈಯಿಂದ ಬಾಯಿ ಮುಚ್ಚಿಕೊಂಡರು. ನಮ್ಮ ಟೀಮಿನ ಹುಡುಗರು ಒಬ್ಬರನ್ನೊಬ್ಬರು ತಿವಿದುಕೊಂಡರು. ಅವರು ಹುಟ್ಟುವ ಮೊದಲಿನ ಮಾತು ಅದು, ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದರ ನಂತರ ಅವನು ತಪ್ಪಾಯ್ತು ಎಂದ, ಎರಡು ಸಲ ಎಂದ, ಅವನ ಸ್ವರ ನಡುಗಿದ್ದೂ ನಿಜ. ಸಿಳ್ಳೆಯ ನಡುವೆ ಅದು ಯಾರಿಗೂ ಕೇಳಿಸಲಿಲ್ಲ. ವೇದಿಕೆಯಿಂದ ಇಳಿದು ಬಂದು ಅಪ್ಪನ ಎರಡೂ ಕೈ ಹಿಡಿದುಕೊಂಡ. "ಆಯ್ತು, ಆಯ್ತು, ಇರ್ಲಿ" ಎಂದರು ಅಪ್ಪ.

ಫೈನಲ್ ಶುರುವಾಗುವ ಹೊತ್ತಿಗೆ ಕುರ್ಚಿಯ ಮೇಲೆ ಮಡಚಿಟ್ಟ ಶಾಲು ಮಾತ್ರ ಇತ್ತು. ಟೀಮನ್ನು ಬಿಟ್ಟು ನಾನು ರಸ್ತೆಗೆ ಓಡಿದೆ. ಅಪ್ಪ ಬಸ್ ಸ್ಟಾಪಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಶಾರ್ಜಾದಲ್ಲಿರುವ ಚಿಕ್ಕಪ್ಪ. ಅಲ್ಲಿ ರೂಮಿನವರೆಲ್ಲ ಒಟ್ಟಿಗೆ ಲೈವ್ ನೋಡುತ್ತಿದ್ದರಂತೆ. ಅವರ ನಗು ನನಗೂ ಕೇಳಿಸಿತು. "ಹ್ಞಾಂ, ನಾನೇ. ಎದುರಿನಲ್ಲೇ ಕೂತಿದ್ದೆ" ಎಂದು ಹೇಳಿ ಅಪ್ಪ ಫೋನ್ ಇಟ್ಟರು.

"ಅವನಿಗೆ ಸೊಕ್ಕು. ಆ ಮಾತು ಅವನಿಗೆ ನೆನಪೇ ಇರಲಿಲ್ಲ, ನಾನೇ ನೆನಪಿಸಿ ತಪ್ಪಾಯ್ತು ಎಂದಷ್ಟೇ ಹೇಳು ಅಂದಿದ್ದೆ. ಬೇಕೆಂದೇ ಮಾಡಿದ್ದು" ಎಂದೆ. "ಇನ್ನು ಅವ ಮೈಕ್ ಮುಟ್ಟದ ಹಾಗೆ ಮಾಡ್ತೇನೆ. ಅವನ ಅಂಗಡಿಯ ಒಂದು ಕುರ್ಚಿ ಬಾಡಿಗೆಗೆ ಹೋಗದ ಹಾಗೆ ಮಾಡ್ತೇನೆ. ನೋಡ್ತಾ ಇರಿ."

ಅಪ್ಪ ನನ್ನ ಮುಖವನ್ನೇ ನೋಡಿದರು. ಅವರಿಗೆ ಸಿಟ್ಟೂ ಬಂದಿರಲಿಲ್ಲ.

"ಅವತ್ತು ಕೇಳಿದವರಲ್ಲಿ ಅರ್ಧ ಜನ ಸತ್ತರು. ಉಳಿದವರಿಗೆ ಮರೆತಿತ್ತು. ಹೇಳಿದವನಿಗೇ ಮರೆತಿತ್ತು ಅಂತೀಯಲ್ಲ. ಅವನಿಗೆ ಎಂತಕ್ಕೆ ಬೈತೀ? ಅವ ಅವತ್ತು ಬಾಯಿ ತಪ್ಪಿ ಹೇಳಿದ. ಇವತ್ತು ಹೇಳಿಸಿದ್ದು ನೀನು."

ನಮ್ಮ ಮನೆ ಕಡೆಗೆ ಹೋಗುವ ವೇಣೂರಿನ ಬಸ್ಸು ಬಂತು. ಕಾರು ಉಂಟಲ್ಲ ಎಂದೆ. ಅವರು ಕಂಬಿ ಹಿಡಿದು ಮೆಟ್ಟಿಲು ಹತ್ತಿ, ಹಿಂದೆ ತಿರುಗದೆ, "ಹೋಗು, ಅಲ್ಲಿ ನಿನ್ನ ಆಟ ಶುರುವಾಗಿದೆ" ಎಂದರು.